ಕಾಶೆವ್ವನನ್ನು ಕೂಡಿಸಿದ ಜಾಗ

ನನ್ನ ಬಾಯಿ ಕೆಟ್ಟದ್ದು ಎಂದು ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಬಾಯಿ ಕೆಟ್ಟದ್ದಾದರೂ ನಾನು ಸುಳ್ಳು ಹೇಳುವವಳಲ್ಲ. ಅದಕ್ಕೇ ಇದನ್ನೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಮ್ಮ ಅತ್ತೆ ಕಾಶೆವ್ವನನ್ನು ಮತ್ತೆ ಒಲೆಯ ಮುಂದೆ ಕೂಡಿಸಿದವಳು ನಾನು. ಗಂಡ ಅಲ್ಲ, ವೆಬ್‌ಸೈಟ್ ಮಾಡಿದ ಹುಡುಗಿಯೂ ಅಲ್ಲ. ನಾನು, ಶೈಲಾ.

ದಾಂಡೇಲಿಯಿಂದ ಗಣೇಶಗುಡಿಗೆ ಹೋಗುವ ರಸ್ತೆಯ ಮೇಲೆ ನಮ್ಮ ಖಾನಾವಳಿ. ಅತ್ತೆ ತೇರಗಾಂವದ ಮಗಳು. ಮಾವ ಪೇಪರ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾಗ ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಒಂಟಿ ಗಂಡಸರಿಗೆ ರೊಟ್ಟಿ ಬಡಿದು ಹಾಕುತ್ತ ಅವಳು ಕಟ್ಟಿದ ಖಾನಾವಳಿ ಅದು. ಮೂವತ್ತೆಂಟು ವರ್ಷ ಕಟ್ಟಿಗೆಯ ಒಲೆ. ಆ ಹೊಗೆಯೆಲ್ಲ ಎಲ್ಲಿ ಹೋಗಬೇಕು? ಅವಳ ಎದೆಯಲ್ಲೇ ಕೂತಿತು, ದಮ್ಮು ಹತ್ತಿತು. ಐದು ವರ್ಷದ ಹಿಂದೆ ಡಾಕ್ಟರು ಅವಳಿಗಲ್ಲ, ನನಗೆ ಬೆರಳು ತೋರಿಸಿ ಹೇಳಿದರು. "ಇನ್ನ ಇವರನ್ನ ಹೊಗಿ ಮುಂದ ಕೂಡಿಸಿದ್ರ ನೀವ ಕೊಂದಂಗ ನೋಡ್ರಿ."

ಮನೆಗೆ ಬಂದವಳೇ ಹಾರೆ ತಗೊಂಡು ಒಲೆ ಒಡೆದು ಹಾಕಿದೆ. ಅತ್ತೆ ಬಾಗಿಲಲ್ಲಿ ನಿಂತು, "ಒಲಿ ಒಡದೀ, ಇನ್ನ ನನ್ನ ಕೈಯೂ ಕಡದಬಿಡು" ಎಂದು ಬೈದಳು. ನಾನು ಗ್ಯಾಸಿನ ಮೇಲೆ ಬೇಯಿಸಿದ ಮೊದಲ ರೊಟ್ಟಿ ಮುರಿದು ನೋಡಿ, "ರಟ್ಟ ಆಗೇತಿ" ಎಂದಳು. ಎಂದರೂ ಎರಡು ತಿಂದಳು. ತಿಂಗಳೊಳಗೆ ಕೆಮ್ಮು ಕಡಿಮೆಯಾಯಿತು. ಆಮೇಲಿನ ನಾಲ್ಕು ವರ್ಷ ದುಡ್ಡಿನ ಗಲ್ಲೆಯ ಪಕ್ಕದ ಕುರ್ಚಿಯಲ್ಲಿ ಕೂತು, ಯಾರ ತಾಟಿನಲ್ಲಿ ಏನು ಮುಗಿದಿದೆ ಎಂದು ಅಲ್ಲಿಂದಲೇ ಕೂಗಿ ಹೇಳುತ್ತ, ನನಗೆ ಜೋರು ಮಾಡುತ್ತ ಆರಾಮ ಇದ್ದಳು.

ಕೆಟ್ಟದ್ದು ವ್ಯಾಪಾರ. ತಿಂಗಳ ಊಟದವರು ಒಬ್ಬೊಬ್ಬರೇ ನಿಂತುಹೋದರು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ರೂಮಿನಲ್ಲೇ ಕುಕ್ಕರ್ ಇಟ್ಟುಕೊಂಡರು. ಪ್ರವಾಸಿಗರ ಕಾರುಗಳು ನಮ್ಮ ಮುಂದೆಯೇ ಧೂಳೆಬ್ಬಿಸಿ ಗಣೇಶಗುಡಿಯ ಹೋಂಸ್ಟೇಗಳಿಗೆ ಹೋಗುತ್ತಿದ್ದವು, ಒಂದೂ ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಬರೀ ಹದಿನಾಲ್ಕು ತಾಟು ತೊಳೆದೆ. ಗಂಡ ಶಿವಲಿಂಗ ಗಲ್ಲೆಯ ಮೇಲೆ ತಲೆ ಇಟ್ಟು, "ಮುಚ್ಚಿಬಿಡೂಣು ಶೈಲಾ. ನಾ ಯಾವುದರ ರಿಸಾರ್ಟಿನಾಗ ಅಡಗಿ ಕೆಲಸಕ್ಕ ಹೋಗ್ತೇನಿ" ಅಂದ.

ನನಗೆ ಮೈಯೆಲ್ಲ ಉರಿಯಿತು. "ಮುಚ್ಚಾಕ ಇದೇನ ಪಾನ ಅಂಗಡಿ ಅನ್ಕೊಂಡ್ರೇನ್ರಿ? ನಿಮ್ಮವ್ವ ಇರೂತನಾ ಈ ಬಾಗಲಾ ತೆರದಿರಬೇಕು" ಅಂದೆ. ಅತ್ತೆ ಕುರ್ಚಿಯಿಂದಲೇ ನನ್ನ ಕಡೆ ನೋಡಿ ಹೌದೆನ್ನುವಂತೆ ಗೋಣು ಹಾಕಿದಳು. ನಾನು ಆಡಿದ ಮಾತಿಗೆ ಅವಳು ಗೋಣು ಹಾಕಿದ್ದು ಮದುವೆಯಾದ ಮೇಲೆ ಅದೇ ಮೊದಲು.

ನಮಗೊಂದು ವೆಬ್‌ಸೈಟ್ ಇರಲಿಲ್ಲ ಅಂತಲ್ಲ. ಝೆರಾಕ್ಸ್ ಅಂಗಡಿಯ ಜ್ಯೋತಿಬಾ ಮಾಡಿಕೊಟ್ಟಿದ್ದ. ಅದು ತೆರೆಯುವಷ್ಟರಲ್ಲಿ ಒಂದು ರೊಟ್ಟಿ ಬೇಯುತ್ತಿತ್ತು. ತೆರೆದ ಮೇಲೆ ಕಾಣುವುದಾದರೂ ಏನು? ನೂಡಲ್ಸಿನ ಫೋಟೊ! ಲಿಂಗಾಯತ ಖಾನಾವಳಿಗೆ ನೂಡಲ್ಸು! ಕೇಳಿದರೆ, "ಚಿತ್ರ ಚಂದ ಐತೆಲ್ಲ ವೈನಿ" ಅಂದ ಪುಣ್ಯಾತ್ಮ. ಫೋನ್ ನಂಬರಿನಲ್ಲಿ ಒಂದು ಅಂಕಿಯೇ ಕಡಿಮೆ ಇತ್ತು.

ಆಗ ಸಿಕ್ಕವಳು ಪೂರ್ಣಿಮಾ. ಗಣೇಶಗುಡಿಯ ನಾಲ್ಕೈದು ಹೋಂಸ್ಟೇಗಳ ವೆಬ್‌ಸೈಟ್ ನೋಡಿಕೊಳ್ಳುವ ಹುಡುಗಿ, ದಾಂಡೇಲಿಗೆ ಬಂದಾಗಲೆಲ್ಲ ನಮ್ಮಲ್ಲೇ ಊಟ. ಒಂದು ದಿನ ಎಣ್ಣೆಗಾಯಿ ಬಡಿಸುತ್ತ, ನಮ್ಮದನ್ನೂ ಮಾಡಿಕೊಡು ಎಂದು ನಾನೇ ಹಿಡಿದೆ. ವಾರದೊಳಗೆ ಅವಳು ನೂಡಲ್ಸು ತೆಗೆದಳು, ನಂಬರು ಸರಿ ಮಾಡಿದಳು, ಮ್ಯಾಪಿನಲ್ಲಿ ನಮ್ಮ ಬಾಗಿಲು ತೋರಿಸಿದಳು, ಉಂಡು ಹೋದವರು ಬರೆಯುವ ಅಭಿಪ್ರಾಯ, ಹಾಕುವ ಫೋಟೊ ಎಲ್ಲ ನಮ್ಮ ಪುಟದಲ್ಲಿ ತಾವಾಗಿಯೇ ಕಾಣುವ ಹಾಗೆ ಮಾಡಿದಳು. ಕೊನೆಗೆ ಕೈ ತೊಳೆಯುತ್ತ, "ಅಕ್ಕಾ, ಊಟದ ಫೋಟೊ ಎಲ್ಲಾರೂ ಹಾಕ್ತಾರ. ಪುಟದ ಮ್ಯಾಲ ಒಂದ ಮನಶ್ಯಾರ ಮುಖ ಬೇಕು" ಅಂದಳು.

ನನ್ನ ಕಣ್ಣು ಗಲ್ಲೆಯ ಪಕ್ಕದ ಕುರ್ಚಿಗೆ ಹೋಯಿತು. ಅವಳು ಹೇಳಲಿಲ್ಲ, ನಾನೇ ನೋಡಿದೆ.

ಮುಂದಿನ ಕಟ್ಟೆಯ ಮೇಲೆ, ರಸ್ತೆಗೆ ಕಾಣುವ ಹಾಗೆ, ಇಟ್ಟಿಗೆ ಇಟ್ಟು ಮಣ್ಣು ಮೆತ್ತಿ ಒಲೆ ಹೂಡಿದೆ. ಹಾರೆಯಿಂದ ಒಡೆದದ್ದೂ ಇದೇ ಕೈ, ಹೂಡಿದ್ದೂ ಇದೇ ಕೈ. "ಒಂದ ಫೋಟೊಕ್ಕ ಅಷ್ಟ ಅತ್ತಿ, ಹತ್ತ ನಿಮಿಷ" ಅಂದೆ. ಅತ್ತೆ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ಹಣೆಗೆ ವಿಭೂತಿ ಹಚ್ಚಿಕೊಂಡು ಒಲೆಯ ಮುಂದೆ ಕೂತು ಹಿಟ್ಟಿಗೆ ಕೈ ಹಾಕಿದಳು ನೋಡಿ, ಆ ಮುಖ! ಚಟಚಟ ರೊಟ್ಟಿ ತಿರುಗಿತು. ಹೊಗೆ ಎದ್ದಿತು, ಹೊಗೆಯ ಹಿಂದೆ ಅವಳು ನಕ್ಕಳು. ಅಂಥ ಫೋಟೊ ಮತ್ತೆ ಯಾರಿಗೂ ಸಿಕ್ಕಲಿಕ್ಕಿಲ್ಲ. ಪೂರ್ಣಿಮಾ ಅದರ ಕೆಳಗೆ "ಮೂವತ್ತೆಂಟು ವರ್ಷ, ಅದೇ ಕೈ" ಎಂದು ಬರೆದಳು. ಅತ್ತೆ ಆ ರಾತ್ರಿ ಕೆಮ್ಮಿದಳು. ಕೇಳಿಸಿತು ನನಗೆ. ಒಂದು ದಿನದ್ದು ಎಂದು ಮಗ್ಗಲು ಬದಲಿಸಿದೆ.

ಜನ ಬಂದರು. ಎರಡನೆಯ ಶನಿವಾರವೇ ಮೂರು ಕಾರು ನಿಂತವು. ಇಳಿದವರೆಲ್ಲ ಮೊದಲು ಕೇಳಿದ್ದು ಒಂದೇ, ಅಜ್ಜಿ ಎಲ್ಲಿ? ಅಜ್ಜಿ ಕುರ್ಚಿಯ ಮೇಲಿದ್ದಳು. ನಾನು ಗ್ಯಾಸಿನ ಮುಂದಿದ್ದೆ. ಹೊಟ್ಟೆ ತುಂಬ ಉಂಡು, ಮೊಸರು ಎರಡು ಸಲ ಹಾಕಿಸಿಕೊಂಡು ಹೋದವರು ಸಂಜೆ ಬರೆದರು: ರೊಟ್ಟಿ ಚೆನ್ನಾಗಿದೆ, ಆದರೆ ಅಜ್ಜಿ ಬಡಿಯುವುದಿಲ್ಲ, ಒಲೆಗೆ ಬೆಂಕಿಯೂ ಇಲ್ಲ, ಫೋಟೊ ಸುಳ್ಳು. ಐದರಲ್ಲಿ ಎರಡು ಸ್ಟಾರು. ಶಿವಲಿಂಗ ಅದನ್ನು ಓದಿ ಫೋನನ್ನು ನನ್ನ ಮುಂದೆ ಇಟ್ಟು ಎದ್ದು ಹೋದ.

ಸುಳ್ಳು ಅಂದರಲ್ಲ, ಅದು ನನಗೆ ಚುಚ್ಚಿತು. ಉತ್ತರ ಬರೆದವಳು ನಾನು: "ಕ್ಷಮಿಸಿ. ಇನ್ನು ಮುಂದೆ ಪ್ರತಿ ಶನಿವಾರ, ಭಾನುವಾರ ಅಜ್ಜಿ ಕಟ್ಟಿಗೆಯ ಒಲೆಯ ಮೇಲೆ ರೊಟ್ಟಿ ಬಡಿಯುತ್ತಾರೆ." ಬರೆದು ಕಳಿಸಿದ ಮೇಲೆ ಅತ್ತೆಯನ್ನು ಕೇಳಿದೆ. ಕೇಳಿದೆ ಎನ್ನುವುದೂ ಸುಳ್ಳೇ, ಹೇಳಿದೆ. ಅವಳು, "ಎರಡ ದಿನ ಅಲ್ಲೇನ ಶೈಲವ್ವ, ಕುಂದರ್ತೇನಿ ತಗೋ" ಅಂದಳು.

ಅವಳಿಗೂ ಆಸೆ ಇತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ. ಬಂದವರು ಕಾಲು ಮುಟ್ಟುತ್ತಿದ್ದರು, ಹಿಂದಿಯಲ್ಲಿ ಏನೋ ಕೇಳುತ್ತಿದ್ದರು, ಇವಳು ಕನ್ನಡದಲ್ಲಿ ಏನೋ ಹೇಳುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ಸೋಮವಾರ ಮಾತ್ರ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಆಮೇಲೆ ಮಂಗಳವಾರವೂ ಏಳಲಿಲ್ಲ. ದಮ್ಮಿನ ಪಂಪನ್ನು ಸೊಂಟದ ಸಂಚಿಯಲ್ಲಿ ಇಟ್ಟುಕೊಂಡೇ ಒಲೆಗೆ ಬರುತ್ತಿದ್ದಳು. ಒಂದು ಸಲ ಒಬ್ಬಳು ಫೋನ್ ಎತ್ತಿ ಹಿಡಿದಿದ್ದಾಗ ಇವಳು ಪಂಪು ಬಾಯಿಗೆ ಇಟ್ಟುಕೊಳ್ಳಲು ಹೋದಳು. ನಾನು ಓಡಿ ಬಂದು, "ಅತ್ತಿ, ಆಮ್ಯಾಲ ತಗೋರಿ, ಫೋಟೊದಾಗ ಬರ್ತೈತಿ" ಅಂದೆ. ನನ್ನ ನಾಲಿಗೆಗೆ ಹುಳ ಬೀಳಬೇಕಾಗಿತ್ತು. ಬೀಳಲಿಲ್ಲ. ಅವಳು ಪಂಪು ಸಂಚಿಗೆ ಹಾಕಿ, ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರೆಳೆಯುತ್ತ ನಕ್ಕಳು. ಆ ಫೋಟೊ ಈಗಲೂ ಪುಟದಲ್ಲಿದೆ.

ಮೂರು ತಿಂಗಳು ಹೀಗೆ ನಡೆಯಿತು. ತಾಟು ಸಾಲದೆ ಅಡಿಕೆ ಹಾಳೆಯ ತಟ್ಟೆ ತರಿಸಿದೆವು. ಡಾಕ್ಟರು ಮತ್ತೆ ಬೆರಳು ತೋರಿಸುತ್ತಾರೆಂದು ನಾನು ಅವರ ಹತ್ತಿರ ಹೋಗಲಿಲ್ಲ. ಮೆಡಿಕಲ್ ಶಾಪಿನಿಂದ ಪಂಪು ತರುತ್ತಿದ್ದೆ, ಅಷ್ಟೇ. ಕ್ರಿಸ್ಮಸ್ ರಜೆ ಮುಗಿಯಲಿ, ಒಲೆ ತೆಗೆದುಬಿಡೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ.

ಡಿಸೆಂಬರಿನ ಕೊನೆಯ ಭಾನುವಾರ. ಮಧ್ಯಾಹ್ನ ಎರಡು ಗಂಟೆ. ಒಳಗೆ ಕೂರಲು ಜಾಗವಿಲ್ಲ, ಹೊರಗೆ ಒಂದು ಟೆಂಪೊ ಜನ ನಿಂತಿದ್ದಾರೆ. ಝುಣಕದ ಪಾತ್ರೆ ಹಿಡಿದು ಕಟ್ಟೆಯ ಮೇಲೆ ಹಾಯುವಾಗ ಅತ್ತೆ ನನ್ನ ಸೆರಗು ಹಿಡಿದಳು. ಅವಳ ತುಟಿ ಕಪ್ಪಗಾಗಿತ್ತು.

"ಸಾಕವಾ ಶೈಲವ್ವ. ಎಬ್ಬಸ ನನ್ನ."

"ಇದೊಂದ ಟೆಂಪೊ ಐತಿ ಅತ್ತಿ, ಹತ್ತ ರೊಟ್ಟಿ. ಆಮ್ಯಾಲ ಎಬ್ಬಸ್ತೇನಿ."

ಅವಳು ಸೆರಗು ಬಿಟ್ಟಳು. ನಾನು ಒಳಗೆ ಹೋದೆ. ನಾಲ್ಕು ರೊಟ್ಟಿ ಬಂದವು, ಐದನೆಯದು ಬರಲಿಲ್ಲ. ಹೊರಗೆ ಬಂದು ನೋಡಿದರೆ ಹಂಚಿನ ಮೇಲೆ ರೊಟ್ಟಿ ಸುಟ್ಟು ಕರಿಯಾಗುತ್ತಿದೆ, ಅತ್ತೆ ಹಿಂದಿನ ಗೋಡೆಗೆ ಒರಗಿದ್ದಾಳೆ. ಕೈಗೆ ಹಿಟ್ಟು ಹತ್ತಿಕೊಂಡೇ ಇತ್ತು. ಶಿವಲಿಂಗ ಆಟೊ ತಂದು ಎತ್ತಿ ಹಾಕಿದ. ಆಸ್ಪತ್ರೆಯ ಗೇಟು ಕಾಣುವ ಮೊದಲೇ ಅವಳ ಉಸಿರು ನಿಂತಿತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಹಣೆಗೆ ವಿಭೂತಿ ಬಳಿದು, ಗದ್ದ ಜೋತು ಬೀಳದ ಹಾಗೆ ಬಟ್ಟೆ ಕಟ್ಟಿ, ಹೂವು ಹಾಕಿ, ನಾಲ್ಕು ಜನ ಬಂದು ಕೈಮುಗಿಯುವ ಜಾಗದಲ್ಲಿ ಕೂಡಿಸುತ್ತೇವೆ. ಎಲ್ಲಿ ಕೂಡಿಸುವುದು? ಒಳಗೆಲ್ಲ ಬೆಂಚು, ಟೇಬಲ್ಲು. ಪೆಂಡಾಲು ಹಾಕಬಹುದಾದ ಜಾಗ ಮುಂದಿನ ಕಟ್ಟೆ ಒಂದೇ. ಒಲೆಯ ಇಟ್ಟಿಗೆ ತೆಗೆದು, ಬೂದಿ ಗುಡಿಸಿ, ಅದೇ ಜಾಗದಲ್ಲಿ ಕುರ್ಚಿ ಇಟ್ಟು, ಅದೇ ಇಳಕಲ್ ಸೀರೆ ಉಡಿಸಿ ಕೂಡಿಸಿದೆವು. ತೇರಗಾಂವದಿಂದ ಅತ್ತೆಯ ತಮ್ಮ ದ್ಯಾಮಪ್ಪ ಮಾವ ಬಂದ, ಜೊತೆಗೆ ಭಜನಿ ಮೇಳ ಬಂತು. ಸೋಮವಾರ ಬೆಳಗಿನ ಹೊತ್ತಿಗೆ ಚೆಂಡುಹೂವಿನ ಹಾರದಲ್ಲಿ ಅವಳ ಗದ್ದದ ಬಟ್ಟೆಯೂ ಕಾಣದಂತಾಗಿತ್ತು. ಹಾರ್ಮೋನಿಯಂ, ತಾಳ, ತಬಲ. ನಾನು ಒಳಗೆ ಹೆಂಗಸರ ನಡುವೆ ಬಿದ್ದುಕೊಂಡಿದ್ದೆ.

ಹನ್ನೊಂದರ ಸುಮಾರಿಗೆ ಹೊರ ರಾಜ್ಯದ ನಂಬರಿನ ಕಾರೊಂದು ನಿಂತಿತಂತೆ. ಐದು ಜನ, ಎಲ್ಲ ಹರೆಯದವರು. ವೆಬ್‌ಸೈಟ್ ನೋಡಿಕೊಂಡು ಬಂದವರು. ಅಜ್ಜಿ ಹೂವು ಹಾಕಿಕೊಂಡು ಕೂತಿದ್ದಾಳೆ, ಮುಂದೆ ಹಾಡು ನಡೆದಿದೆ. ಬಂದವರೆಲ್ಲ ಕೈಮುಗಿದರು, ಇವರೂ ಮುಗಿದರು. ಫೋನ್ ತೆಗೆದರು. ಕಡೆಯ ಫೋಟೊ ತೆಗೆಸಿಕೊಳ್ಳುವುದು ನಮ್ಮಲ್ಲೂ ಇದೆ. ದ್ಯಾಮಪ್ಪ ಮಾವನಿಗೆ ಅವರು ಅಕ್ಕನ ಗುರುತಿನ ದೊಡ್ಡ ಮಂದಿ ಎನಿಸಿತು. ಪಾಪ, ತಾನೇ ಎದ್ದು ಜಾಗ ಮಾಡಿಕೊಟ್ಟು, "ಬರ್ರಿ, ಬರ್ರಿ, ಅಕ್ಕನ ಮಗ್ಗಲಕ ನಿಂದರ್ರಿ" ಅಂದನಂತೆ. ಅವರಿಗೆ ಅವನ ಮಾತು ತಿಳಿಯಲಿಲ್ಲ, ಇವನಿಗೆ ಅವರ ನಗು ತಿಳಿಯಲಿಲ್ಲ. ತೆಗೆಸಿಕೊಂಡು ಹೋದರು. ಮಧ್ಯಾಹ್ನ ನಾವು ಅತ್ತೆಯನ್ನು ಮಣ್ಣು ಮಾಡಿ ಬಂದೆವು.

ಇದೆಲ್ಲ ನನಗೆ ಗೊತ್ತಾದದ್ದು ಮೂರನೆಯ ದಿನ. ಪೂರ್ಣಿಮಾ ಬಂದವಳು ಕೂರದೆ, ಫೋನ್ ನನ್ನ ಕೈಗೆ ಕೊಟ್ಟು ಅತ್ತಳು. ಅತ್ತೆಯ ಪಕ್ಕದಲ್ಲಿ ಒಬ್ಬಳು ಕುಕ್ಕರಗಾಲಿನಲ್ಲಿ ಕೂತು ಎರಡು ಬೆರಳು ಎತ್ತಿ ನಗುತ್ತಿದ್ದಾಳೆ. ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಪೂರ್ಣಿಮಾ ಓದಿ ಹೇಳಿದಳು: ನಾವು ಹೋದ ದಿನ ಅಜ್ಜಿಯ ಯಾವುದೋ ಸಮಾರಂಭ ಇತ್ತು. ಊಟ ಸಿಗಲಿಲ್ಲ, ಆದರೂ ಮನಸ್ಸು ತುಂಬಿತು. ಎಷ್ಟು ಶಾಂತವಾಗಿ ಕೂತಿದ್ದರು! ಐದು ಸ್ಟಾರು. ನಮ್ಮ ಪುಟದಲ್ಲಿ ಜನ ಹೆಚ್ಚು ನೋಡಿದ ಫೋಟೊ ಮೇಲೆ ಬರುತ್ತದಂತೆ. ಮೂರು ದಿನದಲ್ಲಿ ಅದು ಎಲ್ಲಕ್ಕಿಂತ ಮೇಲೆ ಬಂದಿತ್ತು, ಹೊಗೆಯ ಹಿಂದೆ ನಗುವ ಅತ್ತೆಗಿಂತ ಮೇಲೆ.

"ತಗಿ ಅದನ್ನ, ಈಗಿಂದೀಗ ತಗಿ" ಎಂದು ಚೀರಿದೆ.

"ನಮ್ಮ ಪುಟದಿಂದ ತಗೀಬಹುದು ಅಕ್ಕಾ. ಖಾತೆ ಅಣ್ಣಾರ ಹೆಸರಿಲೆ ಐತಿ, ಅವರು ಹೂಂ ಅನ್ನಬೇಕು, ಅವರ ಫೋನಿಗೆ ಕೇಳ್ತೈತಿ" ಅಂದಳು.

ಶಿವಲಿಂಗ ಫೋನ್ ಹಿಡಿದುಕೊಂಡು ಬಹಳ ಹೊತ್ತು ನೋಡಿದ. ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ಅವ್ವನ ಮುಖವಷ್ಟೇ ಉಳಿಯುವ ಹಾಗೆ ಮಾಡಿಕೊಂಡ.

"ಇರ್ಲಿ ಬಿಡು" ಅಂದ. "ಇದೊಂದರಾಗ ಅವ್ವ ಕೆಮ್ಮಾಕತ್ತಿಲ್ಲ."

"ಅದು ಹೆಣಾರೀ! ಹೆಣದ ಮುಂದ ಹಲ್ಲ ಕಿಸದಾಳ ಆ ಹುಡುಗಿ! ಅದನ್ನ ನೋಡಿ ಮಂದಿ ರೊಟ್ಟಿ ತಿನ್ನಾಕ ಬರಬೇಕೇನು?"

"ಬರಾಕತ್ತಾರಲ್ಲ" ಅಂದ. ಆಮೇಲೆ ತಲೆ ಎತ್ತಿದ. ಸಿಟ್ಟಿನಿಂದ ಅಂದಿದ್ದರೆ ನಾನೂ ನಾಲ್ಕು ಅನ್ನುತ್ತಿದ್ದೆ. ಅವನು ಅಳುತ್ತ ಅಂದ. "ಅಲ್ಲೆ ಆಕಿನ್ನ ಮೊದಲ ಕೂಡಿಸಿದಾಕಿ ಯಾರು, ಶೈಲಾ?"

ನಾನು ಅವನ ಕೈಯಿಂದ ಫೋನ್ ತೆಗೆದು ಪೂರ್ಣಿಮಾಳಿಗೆ ವಾಪಸು ಕೊಟ್ಟೆ.

ಖಾನಾವಳಿ ಈಗಲೂ ನಡೆದಿದೆ. ಶನಿವಾರ, ಭಾನುವಾರ ಕಾರು ನಿಲ್ಲುತ್ತವೆ. ಅಜ್ಜಿ ಎಲ್ಲಿ ಎಂದರೆ ಶಿವಲಿಂಗ ಊರಿಗೆ ಹೋಗಿದ್ದಾಳೆ ಅನ್ನುತ್ತಾನೆ, ನಾನು ಗ್ಯಾಸಿನ ಮುಂದೆ ತಲೆ ಬಗ್ಗಿಸಿ ರೊಟ್ಟಿ ಬಡಿಯುತ್ತೇನೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ದಿನಾ ಒಂದು ಸಲ ಆ ಪುಟ ತೆರೆದು ನೋಡುತ್ತೇನೆ. ಈಗ ತಡವಾಗುವುದಿಲ್ಲ, ಪೂರ್ಣಿಮಾ ಸರಿ ಮಾಡಿದ ಮೇಲೆ ಒತ್ತಿದ ಕೂಡಲೇ ತೆರೆಯುತ್ತದೆ. ಎಬ್ಬಸ ನನ್ನ ಅಂದಿದ್ದಳು. ಹತ್ತು ರೊಟ್ಟಿ ಆಗಲಿ ಅಂದಿದ್ದೆ. ಅತ್ತೆ ಅಲ್ಲೇ ಕೂತಿದ್ದಾಳೆ, ನನಗೆ ಎಬ್ಬಿಸಲು ಆಗುತ್ತಿಲ್ಲ.