ಮೆಟ್ಟಿಲ ಮೇಲಿನ ಪೆನ್ನು

ಮನೆಗೆಲಸದವರು ತಮ್ಮತಮ್ಮಲ್ಲಿ ಅದನ್ನು ಗಾಳ ಎನ್ನುತ್ತಾರೆ. ಹೊಸ ಮನೆಗೆ ಸೇರಿದ ಮೊದಲ ವಾರ ಮಂಚದ ಕೆಳಗೆ ಒಂದು ಕಿವಿಯೋಲೆ ಬಿದ್ದಿರುತ್ತದೆ. ಇಲ್ಲವೇ ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಲ್ಲಿ ಮಡಿಚಿದ ನೋಟು ಇರುತ್ತದೆ. ಯಜಮಾನಿ ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿರುತ್ತಾಳೆ, ಕಿವಿ ಮಾತ್ರ ಇತ್ತಲೇ. "ಅಮ್ಮಾ, ಇದು ಇಲ್ಲಿ ಬಿದ್ದಿತ್ತು ನೋಡಿ" ಎಂದು ತಂದುಕೊಟ್ಟರೆ "ಅಯ್ಯೋ, ಎಲ್ಲೆಲ್ಲಿ ಹುಡುಕಿದೆ ಗೊತ್ತಾ!" ಎಂದು ಕಣ್ಣರಳಿಸುತ್ತಾಳೆ. ಹುಡುಕಿದವಳ ಹಣೆಯ ಮೇಲೆ ಒಂದು ಹನಿ ಬೆವರಿರುವುದಿಲ್ಲ. ಅದು ನಾಟಕವೆಂದು ಇಬ್ಬರಿಗೂ ಗೊತ್ತು. ಇಬ್ಬರೂ ಚೆನ್ನಾಗಿ ಆಡುತ್ತಾರೆ, ವಾರ ಕಳೆದರೆ ಪರದೆ ಬೀಳುತ್ತದೆ.

ಈ ನಾಟಕದಲ್ಲಿ ಹದ್ದುಗಣ್ಣಿಯಷ್ಟು ಪಳಗಿದವರು ಆ ಬೀದಿಯಲ್ಲಿ ಬೇರೆ ಇರಲಿಲ್ಲ. ಹೆಸರು ಇಟ್ಟದ್ದು ಜೊತೆಯ ಕೆಲಸದವರು. ಸೋಫಾದ ಸಂದಿಯಲ್ಲಿ ಬಿದ್ದ ಗುಂಡಿಯಿಂದ ಹಿಡಿದು ಯಜಮಾನರು ಹೆಂಡತಿಗೆ ಗೊತ್ತಾಗದಂತೆ ಅಡಗಿಸಿಟ್ಟ ಸಿಗರೇಟಿನವರೆಗೆ ಅವಳ ಕಣ್ಣಿಗೆ ಬೀಳದ್ದಿಲ್ಲ. ನೆಲದ ಧೂಳು ನೋಡಿ ಮನೆಗೆ ಯಾರು ಬಂದಿದ್ದರು, ಎಷ್ಟು ಹೊತ್ತು ಕೂತಿದ್ದರು ಎಂದು ಹೇಳಬಲ್ಲಳು. ಹೇಳುವುದಿಲ್ಲ, ಅಷ್ಟೇ.

ಅಂಥವಳು ವಕೀಲಮ್ಮನ ಮನೆಗೆ ಸೇರಿ ಮಳೆಗಾಲ ಮುಗಿಯುತ್ತ ಬಂದಿದ್ದರೂ ಗಾಳ ನಿಂತಿರಲಿಲ್ಲ.

ವಕೀಲಮ್ಮ ಒಂಟಿ ಹೆಂಗಸು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಮಲಗುವುದು ಮೇಲಿನ ಮಹಡಿಯಲ್ಲಿ, ಕಚೇರಿ ಕೆಳಗೆ. ದಿನವೂ ಒಬ್ಬ ಜೂನಿಯರ್ ಬಂದು ಫೈಲುಗಳನ್ನು ಗಟ್ಟಿಯಾಗಿ ಓದುತ್ತಾನೆ, ಇವಳು ಕಣ್ಣು ಮುಚ್ಚಿ ಕೇಳುತ್ತಾಳೆ. ಓದುವುದಕ್ಕೂ ಆಳು ಬೇಕು ದೊಡ್ಡವರಿಗೆ, ಎಂದುಕೊಂಡಿದ್ದಳು ಹದ್ದುಗಣ್ಣಿ. ಸೇರಿದ ದಿನವೇ ವಕೀಲಮ್ಮ ಒಂದು ಮಾತು ಹೇಳಿದ್ದಳು. "ಹಿತ್ತಲಲ್ಲಿ ಡ್ರೈವರ್ ಇದ್ದ ಕೋಣೆ ಖಾಲಿ ಇದೆ. ಸ್ವಲ್ಪ ದಿನ ನೋಡೋಣ. ಸರಿ ಅನ್ನಿಸಿದ್ರೆ ನೀನೂ ನಿನ್ನ ಮಗಳೂ ಅಲ್ಲಿ ಇರಬಹುದು."

ಆ ಕೋಣೆಗಾಗಿಯೇ ಹದ್ದುಗಣ್ಣಿ ಬೇರೆ ಎರಡು ಮನೆ ಬಿಟ್ಟು ಇಲ್ಲಿಗೆ ಬಂದದ್ದು. ಗಂಡ ಹೋದ ಮೇಲೆ ತಾಯಿ ಮಗಳು ಅಣ್ಣನ ಮನೆಯಲ್ಲಿದ್ದರು. ಇದ್ದರು ಎನ್ನುವುದಕ್ಕಿಂತ ಅಣ್ಣನ ಅಡುಗೆಮನೆಯಲ್ಲಿ ರಾತ್ರಿ ಚಾಪೆ ಹಾಸುತ್ತಿದ್ದರು ಎನ್ನುವುದೇ ಸರಿ. ಮಗಳಿಗೆ ಈ ವರ್ಷ ದೊಡ್ಡ ಪರೀಕ್ಷೆ. ಪುಸ್ತಕ ತೆರೆದರೆ ಸಾಕು, ಅತ್ತಿಗೆ "ಲೈಟು ಯಾರಪ್ಪಂದು?" ಎಂದು ಸ್ವಿಚ್ಚು ಆರಿಸುತ್ತಿದ್ದಳು. ಆ ಹುಡುಗಿ ಬೀದಿ ದೀಪದ ಬೆಳಕು ಬೀಳುವ ಕಿಟಕಿಗೆ ಬೆನ್ನು ಆನಿಸಿ ಓದುತ್ತಿದ್ದಳು.

ಆದರೆ 'ಸ್ವಲ್ಪ ದಿನ' ಮುಗಿಯುವ ಲಕ್ಷಣವೇ ಇಲ್ಲ. ಇವತ್ತು ಸ್ನಾನದ ಮನೆಯಲ್ಲಿ ಉಂಗುರ, ನಾಳೆ ಕುರ್ಚಿಯ ಕೆಳಗೆ ಕೈಗಡಿಯಾರ, ಮತ್ತೊಂದು ದಿನ ಹಾಲಿನ ಪಾತ್ರೆಯ ಪಕ್ಕ ಮುತ್ತಿನ ಸರ. ಹದ್ದುಗಣ್ಣಿ ಎಲ್ಲವನ್ನೂ ಎತ್ತಿ ಮೇಜಿನ ನಡುವೆ ಎದ್ದು ಕಾಣುವಂತೆ ಇಡುತ್ತಿದ್ದಳು. ವಕೀಲಮ್ಮ "ಹುಡುಕಿದೆ" ಎನ್ನುತ್ತಿರಲಿಲ್ಲ, "ಸಿಕ್ತಾ" ಎಂದೂ ಅನ್ನುತ್ತಿರಲಿಲ್ಲ. ಮೇಜನ್ನು ಕೈಯಿಂದ ಸವರಿ, ಉಂಗುರ ತಾಗಿದೊಡನೆ ಹುಬ್ಬು ಗಂಟಿಕ್ಕಿ, ಇವಳು ನಿಂತ ಕಡೆ ಮುಖ ತಿರುಗಿಸಿ ಸುಮ್ಮನೆ ಇದ್ದುಬಿಡುತ್ತಿದ್ದಳು. ಆ ಮೌನಕ್ಕೆ ಇವಳ ಮೈ ಉರಿಯುತ್ತಿತ್ತು.

"ವಕೀಲರು ಕಣೇ," ಎಂದಳು ಎದುರುಮನೆಯ ಅಡುಗೆಯಾಕೆ. ಮಧ್ಯಾಹ್ನ ಇಬ್ಬರೂ ಆ ಮನೆಯ ಹಿಂದಿನ ಕಟ್ಟೆಯ ಮೇಲೆ ಕೂತು ಊಟ ಹಂಚಿಕೊಳ್ಳುವುದು ವಾಡಿಕೆ. "ಒಂದು ಸಾಕ್ಷಿಗೆ ಬಿಡ್ತಾರಾ? ನೀನು ಕೈ ಹಾಕೋವರೆಗೂ ಹಾಕ್ತಾನೇ ಇರ್ತಾರೆ."

"ಹೋದ ವಾರದಿಂದ ಓದೋ ಮೇಜಿನ ಮೇಲಿದ್ದ ದೀಪಾನೇ ಮಾಯ ಆಗಿದೆ ಅಕ್ಕ. ಆ ಉದ್ದ ಕತ್ತಿಂದು, ಹಿತ್ತಾಳೆದು. ನಾಳೆ ನನ್ನ ತಲೆಗೇ ಕಟ್ತಾರೆ ನೋಡು."

"ಕೇಳಿದ್ರಾ?"

"ಕೇಳಲಿಲ್ಲ. ಅದಕ್ಕೇ ಭಯ."

ಅಡುಗೆಯಾಕೆ ನಿಟ್ಟುಸಿರು ಬಿಟ್ಟು ತನ್ನ ಡಬ್ಬಿಯಲ್ಲಿದ್ದ ದೊಡ್ಡ ಪಾಲನ್ನು ಇವಳ ಕಡೆ ಸರಿಸಿದಳು. ಬೇಸಿಗೆಯಲ್ಲಿ ಬಿಸಿ ಎಣ್ಣೆ ಸಿಡಿದು ಅಡುಗೆಯಾಕೆಯ ಬಲಗೈ ಮೇಲೆ ಬೊಬ್ಬೆ ಎದ್ದಾಗ, ಅದು ಮಾಯುವವರೆಗೂ ಅವಳ ಪಾತ್ರೆಗಳನ್ನು ಹದ್ದುಗಣ್ಣಿಯೇ ಕದ್ದುಮುಚ್ಚಿ ಬಂದು ತೊಳೆದಿದ್ದಳು, ತಲೆ ಕೂಡ ಬಾಚಿದ್ದಳು. ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಇಬ್ಬರಿಗೂ ಅನ್ನಿಸಿರಲಿಲ್ಲ. ಮಳೆ ಶುರುವಾದಾಗ ವಕೀಲಮ್ಮನ ಬೆರಳುಗಳ ಮೇಲೂ ಅಂಥದೇ ಬೊಬ್ಬೆಗಳು ಎದ್ದಿದ್ದವು. ಅದೂ ಹದ್ದುಗಣ್ಣಿಯ ಕಣ್ಣಿಗೆ ಬಿದ್ದಿತ್ತು. ಒಲೆ ಹಚ್ಚಲೂ ಬಾರದ ಕೈ, ಎಂದುಕೊಂಡು ನೆಲ ಒರೆಸುತ್ತ ಮುಂದೆ ಹೋಗಿದ್ದಳು.

ಆ ಸಂಜೆಯೇ ವಕೀಲಮ್ಮ ಅವಳನ್ನು ಕರೆದಳು.

"ನೋಡಮ್ಮ. ಇನ್ನು ಮೇಲೆ ನನ್ನ ಸಾಮಾನು ಎಲ್ಲಿದೆಯೋ ಅಲ್ಲೇ ಇರಲಿ. ನೀನು ಮುಟ್ಟಬೇಡ."

"ಕೆಳಗೆ ಬಿದ್ದಿದ್ರೆ ಅಮ್ಮಾ?"

"ಬಿದ್ದಿದ್ರೆ ಬಿದ್ದಿರಲಿ. ನಾನಿಟ್ಟಿದ್ದು ಒಂದು ಕಡೆ, ಸಿಗೋದು ಇನ್ನೊಂದು ಕಡೆ. ಅದು ಹೇಗೆ ಅಂತ ನಾನೂ ನೋಡ್ತಿದ್ದೀನಿ."

ಹದ್ದುಗಣ್ಣಿಯ ಮುಖಕ್ಕೆ ಬಿಸಿ ನೀರು ಎರಚಿದಂತಾಯಿತು. ಗಾಳ ಹಾಕುವವಳೂ ಇವಳೇ, ಮೇಲೆ ಕಳ್ಳಿಯೆಂಬ ಮಾತೂ ಇವಳದೇ. ನಾಲಗೆಯ ತುದಿಯವರೆಗೆ ಬಂದದ್ದನ್ನು ಕೋಣೆಯ ಆಸೆಗೆ ನುಂಗಿಕೊಂಡಳು. "ಆಗಲಿ ಅಮ್ಮಾ" ಎಂದು ಹೊರಬಂದಳು. ಮುಟ್ಟಬೇಡ ಅಂದರೆ ಮುಟ್ಟುವುದಿಲ್ಲ. ಚಿನ್ನದ ಗಟ್ಟಿಯೇ ದಾರಿಗೆ ಅಡ್ಡ ಬಿದ್ದಿರಲಿ, ಸುತ್ತ ಗುಡಿಸಿ ಮುಂದೆ ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದಳು.

ಮಾರನೆಯ ಬೆಳಿಗ್ಗೆ ಮೆಟ್ಟಿಲು ಗುಡಿಸುವಾಗ ಮೇಲಿನಿಂದ ಮೂರನೆಯ ಮೆಟ್ಟಿಲ ಮೇಲೆ ವಕೀಲಮ್ಮನ ಪೆನ್ನು ಬಿದ್ದಿತ್ತು. ಚಿನ್ನದ ಬಣ್ಣದ ಕ್ಯಾಪಿನ ದಪ್ಪ ಪೆನ್ನು. ಕಿಟಕಿಯ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಗಾಳಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇರೆ ಸಿಗುತ್ತಿರಲಿಲ್ಲ. ಅವಳು ಪೆನ್ನಿನ ಅತ್ತ ಗುಡಿಸಿದಳು, ಇತ್ತ ಗುಡಿಸಿದಳು, ಅದನ್ನು ಅಲ್ಲೇ ಬಿಟ್ಟು ಕೆಳಗಿಳಿದಳು. ಮೇಲೆ ಬಾಗಿಲು ತೆರೆದ ಸದ್ದಾಯಿತು. ಪೊರಕೆ ಹಿಡಿದು ಕೆಳಗಿನ ಮೆಟ್ಟಿಲ ಹತ್ತಿರವೇ ನಿಂತಳು. ಈ ಸಲದ ನಾಟಕ ಹೇಗೆ ಆಡುತ್ತಾಳೋ ಕಣ್ಣಾರೆ ನೋಡಿಯೇಬಿಡೋಣ ಎಂಬ ಹಟ ಅವಳದು.

ವಕೀಲಮ್ಮ ಇಳಿಯತೊಡಗಿದಳು. ಮುಖ ಕೆಳಗೇ ಇತ್ತು, ನೇರ ಪೆನ್ನಿನ ಕಡೆಗೇ. ಆದರೆ ಆ ಮುಖದಲ್ಲಿ ಏನೂ ಕದಲಲಿಲ್ಲ. ಒಂದು ಕೈ ಗೋಡೆ ಸವರುತ್ತಿತ್ತು. ಪಾದ ಮೊದಲು ಮೆಟ್ಟಿಲ ಅಂಚನ್ನು ಮುಟ್ಟಿ ನೋಡುತ್ತಿತ್ತು, ಆಮೇಲೆ ಊರುತ್ತಿತ್ತು. ಇಷ್ಟು ದಿನ ದೊಡ್ಡಸ್ತಿಕೆಯ ನಡಿಗೆ ಎಂದು ತಾನು ಹಂಗಿಸುತ್ತಿದ್ದ ನಡಿಗೆ ಅದು. ಹದ್ದುಗಣ್ಣಿ ಒಂದು ಮೆಟ್ಟಿಲು ಹತ್ತಿದಳು.

"ಅಮ್ಮಾ, ಕಾಲು!"

ಆ ಹೊತ್ತಿಗೆ ಪಾದ ಪೆನ್ನಿನ ಮೇಲೆ ಬಿದ್ದಾಗಿತ್ತು. ಪೆನ್ನು ಉರುಳಿತು, ವಕೀಲಮ್ಮ ಜಾರಿದಳು. ಹದ್ದುಗಣ್ಣಿ ಪೊರಕೆ ಎಸೆದು ಎರಡೆರಡು ಮೆಟ್ಟಿಲು ಹಾರಿ ಹೋಗಿ ಅರ್ಧದಲ್ಲಿ ಅವಳನ್ನು ಎದೆಗೊಟ್ಟು ತಡೆದಳು. ಇಬ್ಬರೂ ಗೋಡೆಗೆ ಒರಗಿ ಕುಸಿದರು. ವಕೀಲಮ್ಮನ ಪಾದದ ಗಂಟು ನೋಡನೋಡುತ್ತ ಊದಿಕೊಂಡಿತು.

ಕಚೇರಿಯ ಕುರ್ಚಿಯಲ್ಲಿ ಕೂರಿಸಿ ಕಾಲಿಗೆ ಒದ್ದೆ ಬಟ್ಟೆ ಸುತ್ತಿದ ಮೇಲೆಯೇ ವಕೀಲಮ್ಮ ಬಾಯಿ ತೆರೆದದ್ದು.

"ಪೆನ್ನು ಅಲ್ಲಿತ್ತು ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ತೆಗೀಲಿಲ್ಲ."

"ಮುಟ್ಟಬೇಡ ಅಂದ್ರಲ್ಲ. ಅದೂ ಗಾಳ ಅಂದ್ಕೊಂಡೆ." ಗಾಳವೆಂದರೇನು ಎಂದು ವಿವರಿಸಬೇಕಾಯಿತು. ಹೇಳುತ್ತ ಹೇಳುತ್ತ ಅವಳ ದನಿಯೇ ಕುಗ್ಗಿತು.

ವಕೀಲಮ್ಮ ನಗುವಂಥ ಒಂದು ಸದ್ದು ಮಾಡಿದಳು. "ನೀನು ಕದೀತಿದ್ದೀಯ, ಆಮೇಲೆ ಹೆದರಿ ವಾಪಸ್ ಇಡ್ತಿದ್ದೀಯ ಅಂತ ನಾನು ಅಂದ್ಕೊಂಡಿದ್ದೆ. ಕೈಯಿಂದ ಬಿದ್ದಿದ್ದು ನನಗೇ ತಿಳೀತಿರಲಿಲ್ಲ." ಕಣ್ಣಿನತ್ತ ಬೆರಳು ತೋರಿಸಿ ಹೇಳಿದಳು. "ಎಲ್ಲಾ ಹೊಗೆ ಹಿಡಿದ ಹಾಗೆ ಕಾಣುತ್ತೆ. ತೀರಾ ಬೆಳ್ಳಗಿರೋದು, ತೀರಾ ಕಪ್ಪಗಿರೋದು ಅಷ್ಟೇ ಗೊತ್ತಾಗೋದು. ಡಾಕ್ಟರು ವಾಪಸ್ ಬರಲ್ಲ ಅಂದಿದ್ದಾರೆ. ಕಣ್ಣು ಕಾಣದ ವಕೀಲರ ಹತ್ರ ಯಾರಮ್ಮ ಬರ್ತಾರೆ? ಆ ಜೂನಿಯರ್ ನಾಳೆನೇ ಈ ಕುರ್ಚೀಲಿ ಕೂರ್ತಾನೆ. ಯಾರ ಹತ್ರಾನೂ ಬಾಯಿ ಬಿಡಬೇಡ."

ಹಾಗೆಂದು ಮೇಜಿನ ಡ್ರಾಯರ್ ಎಳೆದು ಒಳಗೆ ತಡಕಾಡಿ ಒಂದು ಬೀಗದ ಕೈ ತೆಗೆದು ಮುಂದೆ ಚಾಚಿದಳು. "ಹಿತ್ತಲ ಕೋಣೇದು. ಇದನ್ನ ನಿನಗೆ..."

ಹದ್ದುಗಣ್ಣಿಯ ಒಳಗೆ ಈಗಷ್ಟೇ ಕರಗುತ್ತಿದ್ದುದೇನೋ ಒಮ್ಮೆಗೇ ಬಿಗಿದುಕೊಂಡಿತು. ಬಾಯಿ ಬಿಡಬೇಡ ಎಂದ ಬಾಯಿ ಮುಚ್ಚುವ ಮೊದಲೇ ಬೀಗದ ಕೈ! ಮಳೆಗಾಲವೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ಹೊರಬರದ ಕರುಣೆ ಈಗ ತನ್ನ ಕುತ್ತಿಗೆಗೇ ಬಂದಾಗ ಉಕ್ಕಿ ಹರಿಯುತ್ತಿದೆ. ಸರಿ, ವ್ಯಾಪಾರವೆಂದರೆ ವ್ಯಾಪಾರವೇ ಆಗಲಿ.

"ಬರೀ ಬೀಗದ ಕೈ ಕೊಟ್ರೆ ಆಗಲ್ಲ ಅಮ್ಮಾ," ಎಂದಳು, ಮಾತು ಮುಗಿಸಲು ಬಿಡದೆ. "ನಾಳೆ ನಿಮ್ಮ ಮನಸ್ಸು ಬದಲಾದ್ರೆ ನಾವು ಎಲ್ಲಿಗೆ ಹೋಗೋದು? ನನ್ನ ಮಗಳ ಓದು ಮುಗಿಯೋವರೆಗೂ ಬಿಡಿಸಲ್ಲ ಅಂತ ಬರೆದುಕೊಡಿ. ಆಗ ನನ್ನ ಬಾಯೂ ಭದ್ರವಾಗಿರುತ್ತೆ."

ಚಾಚಿದ ಕೈ ಹಾಗೇ ನಿಂತಿತು. ವಕೀಲಮ್ಮನ ಮುಖದ ಮೇಲೆ ಈಗಷ್ಟೇ ತೆರೆದಿದ್ದ ಬಾಗಿಲು ಮುಚ್ಚಿಕೊಂಡದ್ದು ಹದ್ದುಗಣ್ಣಿಗೆ ಕಂಡಿತು.

"ಮಗಳನ್ನ ಕರ್ಕೊಂಡು ಬಾ. ನಾನು ಹೇಳ್ತೀನಿ, ಅವಳು ಬರೀಲಿ," ಎಂದಳು ಒಣ ದನಿಯಲ್ಲಿ.

ಸಂಜೆ ಹುಡುಗಿ ಬಂದು ಬರೆದಳು. ಬರೆದು ಮುಗಿದ ಮೇಲೆ ವಕೀಲಮ್ಮ ಪೆನ್ನು ಹಿಡಿದು ಕಾದಳು. "ರುಜು ಎಲ್ಲಿ ಹಾಕಬೇಕು ಅಂತ ಬೆರಳಿಟ್ಟು ತೋರಿಸು," ಎಂದಳು. ಹದ್ದುಗಣ್ಣಿ ಕಾಗದದ ಮೇಲೆ ಬೆರಳಿಟ್ಟಳು. ವಕೀಲಮ್ಮನ ಬೆರಳು ಅದನ್ನು ಹುಡುಕಿ ಬಂದು ತಾಗಿತು, ತಾಗಿದೊಡನೆ ಹಿಂದೆ ಸರಿಯಿತು. ಹಳೆಯ ಬೊಬ್ಬೆಯ ಕಲೆ ಇನ್ನೂ ಅಲ್ಲೇ ಇತ್ತು.

ತಾಯಿ ಮಗಳು ಹಿತ್ತಲಿಗೆ ಹೋಗಿ ಕೋಣೆಯ ಬೀಗ ತೆಗೆದರು. ಹದ್ದುಗಣ್ಣಿ ಹೊಸ್ತಿಲಲ್ಲೇ ನಿಂತಳು. ಕಸದ ರಾಶಿ ಇರುತ್ತದೆಂದು ಪೊರಕೆ ಹಿಡಿದೇ ಬಂದಿದ್ದಳು. ಕೋಣೆಯನ್ನು ಯಾರೋ ಆಗಲೇ ಗುಡಿಸಿದ್ದರು. ಗುಡಿಸಿದ ರೀತಿ ಮಾತ್ರ ವಿಚಿತ್ರವಾಗಿತ್ತು. ನಡುವೆ ಮತ್ತೆ ಮತ್ತೆ ಪೊರಕೆ ಆಡಿಸಿದ ಗೆರೆಗಳು, ಮೂಲೆಗಳಲ್ಲಿ ಡ್ರೈವರನ ಕಾಲದ ಕಸ ಹಾಗೆಯೇ. ಗೋಡೆಗೆ ಎರಡು ಮಂಚ, ಅವುಗಳ ಮೇಲೆ ತಿರುವುಮುರುವಾಗಿ ಹಾಸಿದ ಹೊದಿಕೆಗಳು. ಕಿಟಕಿಯ ಹತ್ತಿರ ಒಂದು ಮೇಜು. ಮೇಜಿನ ಮೇಲೆ ಉದ್ದ ಕತ್ತಿನ ಹಿತ್ತಾಳೆಯ ದೀಪ.

"ಅಮ್ಮಾ, ಓದೋಕೆ ದೀಪ!" ಎಂದು ಮಗಳು ಓಡಿಹೋಗಿ ಸ್ವಿಚ್ಚು ಒತ್ತಿದಳು.

ಬೆಳಕು ನೆಲದ ಮೇಲೆ ಓರೆಯಾಗಿ ಬಿತ್ತು. ಪೊರಕೆಯ ಗೆರೆಗಳ ಮೇಲೆಲ್ಲ ತೆಳ್ಳಗೆ ಹೊಸ ಧೂಳು ಕೂತಿತ್ತು. ದೀಪದ ಕತ್ತಿನಿಂದ ಕಿಟಕಿಯ ಸರಳಿಗೆ ಜೇಡ ಒಂದು ಎಳೆ ನೇಯ್ದು ಮುಗಿಸಿತ್ತು. ಇದು ಇವತ್ತು ಗುಡಿಸಿದ್ದಲ್ಲ, ನಿನ್ನೆಯದೂ ಅಲ್ಲ. ಮೆಟ್ಟಿಲ ಮೇಲೆ ಪೆನ್ನು ಬೀಳುವುದಕ್ಕೆ ಬಹಳ ಮೊದಲು, ತನ್ನನ್ನು ಕಳ್ಳಿಯೆಂದು ಅನುಮಾನಿಸುತ್ತಿದ್ದ ದಿನಗಳಲ್ಲೇ, ಆ ಹೆಂಗಸು ಒಬ್ಬಳೇ ಇಲ್ಲಿಗೆ ಬಂದು ಕಾಣದ ಕಸವನ್ನು ಗುಡಿಸಿದ್ದಳು. ತನಗೆ ಇನ್ನು ಕೆಲಸಕ್ಕೆ ಬಾರದ ಬೆಳಕನ್ನು ಓದುವ ಹುಡುಗಿಗಾಗಿ ತಂದಿಟ್ಟಿದ್ದಳು. 'ಇದನ್ನ ನಿನಗೆ...' ಎಂದು ನಿಂತ ಮಾತು ಯಾವುದೆಂದು ಹದ್ದುಗಣ್ಣಿಗೆ ಆಗ ತಿಳಿಯಿತು. ನಾಚಿಕೆಯಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಗಳು ನೋಡದಂತೆ ಮೂಲೆಗೆ ತಿರುಗಿ, ಉಳಿದ ಕಸವನ್ನು ಕೈಯಿಂದಲೇ ಬಳಿದಳು.

ಮರುದಿನ ಬೆಳಕು ಹರಿಯುತ್ತಲೇ ಅವಳು ಒಂದು ಡಬ್ಬಿ ಬಿಳಿ ಪೇಂಟು ತಂದು, ಜೂನಿಯರ್ ಬರುವ ಮೊದಲು ಮುಗಿಸಬೇಕೆಂದು, ಮೆಟ್ಟಿಲ ಅಂಚುಗಳಿಗೆ ಒಂದೊಂದಾಗಿ ಪಟ್ಟಿ ಬಳಿಯತೊಡಗಿದಳು. ಯಾರಾದರೂ ಕೇಳಿದರೆ ಅಂದಕ್ಕೆ ಎಂದರಾಯಿತು. ವಕೀಲಮ್ಮ ಕುಂಟುತ್ತ ಬಂದು ಮೇಲೆ ನಿಂತಳು.

"ಏನದು ವಾಸನೆ?"

"ಮೆಟ್ಟಿಲಿಗೆ ಬಿಳಿ ಬಣ್ಣ ಅಮ್ಮಾ. ಒಂದೊಂದೇ ಅಂಚು ಕಾಣ್ಲಿ ಅಂತ."

ವಕೀಲಮ್ಮ ಬಗ್ಗಿ ನೋಡಿದಳು. ಮೊದಲ ಪಟ್ಟಿ ಅವಳಿಗೆ ಕಂಡಿರಬೇಕು, ಎರಡನೆಯದೂ ಕಂಡಿರಬೇಕು, ತಲೆ ನಿಧಾನವಾಗಿ ಕೆಳಗೆ ಕೆಳಗೆ ಸಾಗಿತು.

"ಇದಕ್ಕೆ ನಾನು ಏನು ಬರೆದುಕೊಡಬೇಕು?" ಎಂದು ಕೇಳಿದಳು.

ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೇ ಕೇಳಿದ್ದಳು. ಹದ್ದುಗಣ್ಣಿಯ ಕೈಯಲ್ಲಿ ಬ್ರಷ್ ನಿಂತಿತು. ದೀಪ ನೋಡಿದೆ, ಧೂಳು ನೋಡಿದೆ ಎಂದು ಹೇಳಬೇಕೆಂದುಕೊಂಡಳು. ಹೇಳಿದರೂ ಅದು ಇನ್ನೊಂದು ಚೌಕಾಸಿಯ ಶುರುವೆಂದೇ ಕೇಳಿಸೀತು.

"ಏನೂ ಬೇಡ ಅಮ್ಮಾ," ಎಂದಳು.

ವಕೀಲಮ್ಮ ಹುಬ್ಬು ಗಂಟಿಕ್ಕಿ, ಆ ಮಾತಿನ ಹಿಂದೆ ಏನು ಅಡಗಿದೆಯೆಂದು ಕಿವಿಗೊಟ್ಟು ನಿಂತಳು. ಗಾಳವನ್ನು ಹುಡುಕುವ ಮುಖ ಅದು. ಇಷ್ಟು ವರ್ಷ ಮನೆಮನೆಯಲ್ಲಿ ಹದ್ದುಗಣ್ಣಿ ಹೊತ್ತು ತಿರುಗಿದ್ದು ಅದೇ ಮುಖವನ್ನು. ಅವಳು ಬಗ್ಗಿ ಮುಂದಿನ ಮೆಟ್ಟಿಲಿಗೆ ಬಣ್ಣ ಹಚ್ಚಿದಳು.