ಎರಡನೇ ಪೊಟ್ಟಣ

ಕೋಪ ಬಂದರೆ ನನ್ನ ಕೈ ನಡುಗುತ್ತೆ. ನಮ್ಮ ಕೆಲಸಕ್ಕೆ ನಡುಗೋ ಕೈ ಆಗಿಬರಲ್ಲ. ಅದಕ್ಕೇ ಇಪ್ಪತ್ತಾರು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಮೊನ್ನೆ ಆಗಲಿಲ್ಲ.

ಸಸ್ಯೋದ್ಯಾನದ ಗಾಜಿನ ಮನೇಲಿ ನನ್ನ ಕೆಲಸ. ಅಲ್ಲಿ ಎರಡು ಹಳೇ ಬಳ್ಳಿಗಳಿವೆ, ಒಂದು ಗಂಡು, ಒಂದು ಹೆಣ್ಣು. ಆ ಜಾತಿಯಲ್ಲಿ ಉಳಿದಿರೋ ಹೆಣ್ಣುಬಳ್ಳಿ ಅದೊಂದೇ. ಇಷ್ಟು ವರ್ಷದಲ್ಲಿ ಬೀಜದಿಂದ ಎದ್ದ ಸಸಿಗಳೆಲ್ಲ ಗಂಡೇ ಆದವು, ಅಲ್ಲೂ ಅವರದೇ ದರ್ಬಾರು. ಈಗ ಹೆಣ್ಣುಬಳ್ಳಿಯ ಬುಡ ಕೊಳೆಯುತ್ತಿದೆ. ಈ ಸಲದ ಬೀಜವೇ ಕೊನೇದು.

ತೊಡಕೇನಂದರೆ, ಗಂಡು ಹೂ ಹತ್ತು ದಿನ ಮುಂಚೆ ಅರಳಿ ಉದುರಿಹೋಗುತ್ತೆ. ಹೆಣ್ಣು ಹೂ ಆಮೇಲೆ ಬಂದು ಒಂದೇ ಬೆಳಗ್ಗೆ ಇರುತ್ತೆ. ಇದನ್ನು ಕಂಡುಹಿಡಿದವಳು ನಮ್ಮಮ್ಮ, ಅಲ್ಲಿ ಕಸ ಗುಡಿಸುತ್ತಿದ್ದವಳು. ಪರಾಗವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ಪಸೆ ತಾಗದ ಹಾಗೆ ಹುರಿದ ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟು, ಹೆಣ್ಣು ಹೂ ಬಿಟ್ಟ ದಿನ ಕುಂಚದಲ್ಲಿ ಮುಟ್ಟಿಸಿದಳು. ಕಾಯಿ ಕಟ್ಟಿತು. ಆಗಿನ ದೊಡ್ಡ ಸಾಹೇಬರು ಪುಸ್ತಕ ಬರೆದರು: ತಾವು ಹಾಕಿಸಿದ ಬಿಸಿನೀರಿನ ಕೊಳವೆಯ ಶಾಖಕ್ಕೆ ಎರಡು ಹೂವೂ ಒಂದೇ ದಿನ ಅರಳಿದವಂತೆ. ಒಂದು ದಿನವಾದರೂ ಬೆಳಗ್ಗೆ ಬಂದು ನೋಡಿದ್ದರೆ ತಾನೆ?

ಹಾಜರಿ ಪುಸ್ತಕದಲ್ಲಿ ಅಮ್ಮ ಕೊನೇವರೆಗೂ ‘ಹೆಣ್ಣಾಳು ಮೂರು’. ಕೆಲಸ ಬಿಟ್ಟ ಮೇಲೆ ಒಮ್ಮೆ ಬಳ್ಳಿ ನೋಡೋಕೆ ಹೋದರೆ ಗೇಟಿನವನು ಟಿಕೆಟ್ ಕೇಳಿದ. ಅಮ್ಮ ನಕ್ಕು, ಸೆರಗಿನ ಗಂಟು ಬಿಚ್ಚಿ ಕಾಸು ಕೊಟ್ಟಳು.

ಈಗಿನ ಸಾಹೇಬನಿಗೆ ನಾವೆಲ್ಲ ಇಟ್ಟ ಹೆಸರು ಇಸ್ತ್ರಿ. ಅಂಗಿ ಸುಕ್ಕಾಗುತ್ತೆ ಅಂತ ಬಗ್ಗೋದೂ ಇಲ್ಲ ಪುಣ್ಯಾತ್ಮ. ಉದ್ಯಾನಕ್ಕೆ ನೂರು ವರ್ಷ ತುಂಬುತ್ತೆ ಅಂತ ಬಳ್ಳಿ ಮುಂದೆ ಕಲ್ಲಿನ ಫಲಕ ಹಾಕಿಸೋಕೆ ಹೊರಟ, ಆ ಪುಸ್ತಕದ ಸಾಹೇಬರ ಹೆಸರಲ್ಲಿ. ಅಮ್ಮನ ಹೆಸರೂ ಹಾಕಿ ಅಂತ ಮೂರು ಸಲ ಕೇಳಿದೆ. ಮೂರು ಸಲವೂ, ನೋಡೋಣ ಅಂದ. ಆಮೇಲೆ ಗಾಜಿನ ಮನೆ ಚೊಕ್ಕ ಮಾಡಿಸುತ್ತಾ, ಅಕ್ಕಿಗೆ ಇಲಿ ಬರುತ್ತೆ ಅಂತ ಅಮ್ಮನ ಹಾಗೇ ನಾನಿಟ್ಟಿದ್ದ ಡಬ್ಬಿ ಎತ್ತಿ ಬಿಸಾಕಿಸಿದ. ಅದರಲ್ಲಿ ಪರಾಗ ಇದೆ ಅಂತ ಬಡಕೊಂಡೆ. ಪುಸ್ತಕದಲ್ಲಿ ಅಂಥದ್ದೇನೂ ಇಲ್ಲವಲ್ಲ ಅಂದ.

ಮೊನ್ನೆ ಬೆಳಗ್ಗೆ ಹೆಣ್ಣು ಹೂ ಅರಳಿತು. ಇಸ್ತ್ರಿ ಪುಸ್ತಕ ಹಿಡಿದು ಬಂದು ಗಂಡುಬಳ್ಳಿ ನೋಡಿದ, ಬರೀ ಎಲೆ. ಒಂದೊಂದು ಕೊಂಬೆಯನ್ನೂ ಎರಡೆರಡು ಸಲ ಹುಡುಕಿದ. ಮುಖ ಹುಳ್ಳಗಾಯಿತು. ಇಷ್ಟು ವರ್ಷ ಏನು ಮಾಡ್ತಿದ್ರಿ ಅಂತ ಮೆಲ್ಲಗೆ ಕೇಳಿದ.

ಅಮ್ಮ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದವಳಲ್ಲ. ಒಂದು ಪೊಟ್ಟಣ ಇಲ್ಲಿ, ಇನ್ನೊಂದು ಮನೇಲಿ. ನಾನೂ ಹಾಗೇ. ಮನೆಯ ಪೊಟ್ಟಣವನ್ನು ಅವತ್ತು ಕುಪ್ಪಸದಲ್ಲಿಟ್ಟುಕೊಂಡು ಬಂದಿದ್ದೆ. ತೆಗೆದು ತೋರಿಸಿದೆ.

“ಬಿಸಿಲು ಆ ಕಂಬಕ್ಕೆ ಬಂದರೆ ಹೂ ಮುಚ್ಚುತ್ತೆ. ಅಷ್ಟರಲ್ಲಿ ಫಲಕಕ್ಕೆ ಅಮ್ಮನ ಹೆಸರು ಬರೀರಿ.”

ಮೊದಲು ಕೆಲಸ ಮುಗಿಸಿ, ಆಮೇಲೆ ಬರೆಸೋಣ ಅಂತ ರಾಗ ಎಳೆದ. ಹೂ ಇದ್ದದ್ದು ಮೇಲೆ, ಚಾವಣಿ ಹತ್ತಿರ; ನಾನು ಏಣಿ ಮುಟ್ಟಲಿಲ್ಲ. ನಿಜ ಹೇಳ್ತೀನಿ, ಒಳಗೊಳಗೇ ಹೆದರಿದ್ದೆ. ಅಮ್ಮನ ಹೆಸರಿಗಾಗಿ ಅಮ್ಮನ ಬಳ್ಳಿಯನ್ನೇ ಕೊಂದೇನಾ ಅಂತ.

ಕಡೆಗೆ ಫಲಕದ ಒಕ್ಕಣೆ ಬರೆದ ಹಾಳೆ ತೆಗೆದು, ನಿಮ್ಮಮ್ಮನ ಹೆಸರೇನು ಅಂದ. ಆ ಕಚೇರಿಯವರು ಅದನ್ನು ಕೇಳಿದ್ದು ಅದೇ ಮೊದಲು. ಹೇಳಿದೆ. ದೊಡ್ಡ ಸಾಹೇಬರ ಹೆಸರಿನ ಕೆಳಗೆ ಬರೆದು, ಪಕ್ಕದಲ್ಲಿ ‘ಸಹಾಯಕಿ’ ಅಂತ ಸೇರಿಸಿದ. ನಾನು ಪೊಟ್ಟಣ ವಾಪಸ್ ಕುಪ್ಪಸಕ್ಕಿಟ್ಟೆ.

ಬಿಸಿಲು ಕಂಬಕ್ಕೆ ಎರಡು ಗೇಣು ದೂರ ಇತ್ತು. ಅವನು ಬಿಸಿಲು ನೋಡಿದ, ನನ್ನ ನೋಡಿದ. ಸಾಹೇಬರ ಹೆಸರನ್ನೂ ‘ಸಹಾಯಕಿ’ಯನ್ನೂ ಹೊಡೆದುಹಾಕಿ ಸಹಿ ಮಾಡಿದ. ಕಲ್ಲು ಕೆತ್ತೋವನಿಗೆ ನಾನೇ ಕೊಡ್ತೀನಿ ಅಂತ ಹಾಳೆ ಇಸಕೊಂಡೆ.

ಕೋಪಕ್ಕೆ ಕೈ ಇನ್ನೂ ನಡುಗುತ್ತಿತ್ತು.

“ಏಣಿ ಹಿಡ್ಕೊಳ್ಳಿ ಸಾರ್,” ಅಂದೆ. “ಸಹಾಯಕರ ಕೆಲಸ ಅದು.”

ಎರಡೂ ಕೈಯಲ್ಲಿ ಹಿಡ್ಕೊಂಡ. ಏಣಿಯ ಪಾಚಿ ಅವನ ಅಂಗಿಗೆಲ್ಲ ಮೆತ್ತಿತು. ನಾನು ಮೇಲೆ ಹತ್ತಿ ಪೊಟ್ಟಣ ಬಿಚ್ಚಿದೆ. ಕೈ ನಡುಗಲಿಲ್ಲ.