ಕತ್ತರಿಸಿಟ್ಟ ಕೆಮ್ಮು

ಟಿವಿಯ ಹಾಸ್ಯ ಧಾರಾವಾಹಿಗಳಿಗೆ ಪ್ರೇಕ್ಷಕರ ನಗು ಸೇರಿಸುವುದು ಅವನ ಕೆಲಸ. ಇಪ್ಪತ್ತು ವರ್ಷದ ಹಿಂದೆ ಜನರನ್ನು ಕೂರಿಸಿ ಧ್ವನಿಮುದ್ರಿಸಿದ ಆ ನಗುವಿನಲ್ಲಿ ಅವನ ಅಕ್ಕನದೂ ಇತ್ತು, ಬೇರೆ ಮೈಕಿನಲ್ಲಿ. ಅದೇ ವರ್ಷ ಅಕ್ಕ ತೀರಿಹೋದಳು. ಅಂದಿನಿಂದ ಎಂಥ ಸಪ್ಪೆ ಜೋಕಿಗೂ ಅವಳ ನಗುವನ್ನು ಒಂದು ಚಿಟಿಕೆ ಬೆರೆಸದೆ ಅವನು ಬಿಟ್ಟವನಲ್ಲ.

ಹೊಸ ಧಾರಾವಾಹಿಯ ನಿರ್ದೇಶಕಿ ಬಂದವಳೇ, "ಅಣ್ಣಾ, ಇದಕ್ಕೆ ನಗು ಬೇಡ," ಎಂದಳು.

"ಎಲ್ಲಿ ನಗ್ಬೇಕಂತ ಜನಕ್ಕೆ ಹೇಳೋರ್ಯಾರು ತಾಯಿ?"

"ಹೇಳ್ಕೊಟ್ಟು ನಗ್ಸೋಕೆ ಅವರೇನು ಎಳೆ ಮಕ್ಕಳಾ? ಮೊದ್ಲು ನೋಡಿ."

ನೋಡಿದ. ತೆರೆಯ ಮೇಲೆ ಹೆಂಡತಿ ಸತ್ತವನೊಬ್ಬ ತಟ್ಟೆ ದೂರ ತಳ್ಳಿ, ಖಾಲಿ ಕುರ್ಚಿಯೊಡನೆ ಉಪ್ಪು ಹೆಚ್ಚಾಯಿತೆಂದು ಜಗಳವಾಡುತ್ತಿದ್ದ. ನಡುವೆ ಮಾತು ನಿಂತು ಸುಮ್ಮನಾಗುತ್ತಿದ್ದ. ಆ ಮೌನವನ್ನೂ ಯಾರೂ ಕತ್ತರಿಸಿರಲಿಲ್ಲ. ನೋಡುತ್ತಿದ್ದವನಿಗೆ ತಡೆಯಲಾಗದ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಇಷ್ಟು ನಿಜವಾದ ಹಾಸ್ಯವನ್ನು ಅವನು ಕಂಡಿರಲಿಲ್ಲ.

"ಬಹಳ ಚೆನ್ನಾಗಿದೆ. ಆದ್ರೆ ಎಲ್ರೂ ಹೀಗೇ ಮಾಡಿದ್ರೆ ನಮ್ಮಕ್ಕ ಎಲ್ಲಿಗೆ ಹೋಗ್ಬೇಕು?" ಎಂದು ಅಕ್ಕನ ವಿಷಯ ಹೇಳಿದ.

"ಅವರೊಬ್ಬರ ನಗು ಮಾತ್ರ ಕೇಳ್ಸಿ."

ಅಕ್ಕ ನಕ್ಕಳು. ಕೊನೆಯಲ್ಲಿ ಕೆಮ್ಮಿದಳು. ಅವಳನ್ನು ಒಯ್ದ ಕೆಮ್ಮು ಅದು. ಇಷ್ಟು ವರ್ಷವೂ ಅವನು ಅದನ್ನು ಕತ್ತರಿಸಿಯೇ ಬಳಸಿದ್ದ.

"ನಗು ಬೇಡಣ್ಣ," ಎಂದಳು ನಿರ್ದೇಶಕಿ ಮೆಲ್ಲಗೆ, "ಆ ಕೆಮ್ಮು ಕೊಡ್ತೀರಾ?"

ಅವನು ನಗುವಿನಿಂದ ಕೆಮ್ಮನ್ನು ಬೇರ್ಪಡಿಸಿದ. ದೇವರನ್ನು ನೆನೆದು, ಅದನ್ನು ಆ ಮೌನದೊಳಗೆ ಇಟ್ಟು, ದೃಶ್ಯವನ್ನು ಮತ್ತೆ ಓಡಿಸಿದ.

ದೃಶ್ಯದ ಮನೆಯ ಒಳಕೋಣೆಯಲ್ಲಿ ಯಾರೋ ಕೆಮ್ಮಿದಂತಾಯಿತು. ತೆರೆಯ ಮೇಲಿನವನು ಕಿವಿಗೊಟ್ಟು ಕೂತಿದ್ದ. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, "ಆಯ್ತು, ತಿಂತೀನಿ ಬಿಡೇ," ಎಂದ.